ಉಕ್ಕಿನ ಪುಟ್ಟ ಪಿಸ್ತೂಲು ತೊಡರಿಕೊಂಡಾಗ: ದೋಷ ಹುಡುಕುವ ಕ್ರಮ

ನನ್ನ ಪಿಸ್ತೂಲು ಪೂರ್ತಿ ಉಕ್ಕಿನದು. 9 ಮಿ.ಮೀ. ತೋಟಾ, ಮೂರೂವರೆ ಇಂಚಿನ ನಳಿಗೆ, ತೋಟಾ ತುಂಬುವ ಒಂದೇ ಸಾಲಿನ ಮ್ಯಾಗಜಿನ್, ಅದರಲ್ಲಿ ಎಂಟು. ಖಾಲಿ ಇದ್ದಾಗಲೇ ಒಂದು ಕಿಲೋಗೆ ತುಸು ಕಡಿಮೆ ತೂಗುತ್ತದೆ. ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುವವನಿಗೆ ಸಂಜೆಯ ಹೊತ್ತಿಗೆ ಈ ತೂಕ ಸಾಕಪ್ಪಾ ಅನ್ನಿಸುತ್ತದೆ. ಗುಂಡು ಹಾರಿಸುವಾಗ ಮಾತ್ರ ಅದೇ ತೂಕ ಉಪಕಾರಕ್ಕೆ ಬರುತ್ತದೆ: ಕೈಯಲ್ಲಿ ನೆಗೆಯುವುದಿಲ್ಲ, ಗುರಿ ಬೇಗ ಜಾಗಕ್ಕೆ ಮರಳುತ್ತದೆ. ಮೊದಲ ನಾನೂರು ಸುತ್ತು ಒಂದೇ ಒಂದು ತಕರಾರಿಲ್ಲದೆ ನಡೆದ ಈ ಯಂತ್ರ ಐನೂರರ ಸುಮಾರಿಗೆ ಮುಷ್ಕರ ಹೂಡಿತು. ಇಪ್ಪತ್ತು ಗುಂಡಿಗೆ ಒಂದು ಸಲ ಎಂಬಂತೆ, ಹೊಸ ತೋಟಾ ಮೇಲಕ್ಕೇರುವ ಬದಲು ಮೂಗು ತಗ್ಗಿಸಿ ಅಡ್ಡಲಾಗಿ ನಿಂತು, ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆಮುಂದೆ ಓಡುವ ಸ್ಲೈಡ್ ಅರ್ಧ ದಾರಿಯಲ್ಲಿ ತೊಡರಿಕೊಳ್ಳತೊಡಗಿತು.

ನಾನು ಮೊದಲು ಎಕ್ಸ್‌ಟ್ರ್ಯಾಕ್ಟರ್ ಎಂಬ, ಖಾಲಿ ಕವಚವನ್ನು ಹೊರಗೆಳೆಯುವ ಕೊಕ್ಕೆಯ ಮೇಲೆ ಅನುಮಾನಪಟ್ಟೆ. ಯಾಕೆಂದರೆ ಎಲ್ಲರೂ ಮೊದಲು ಅದರ ಮೇಲೆಯೇ ಅನುಮಾನಪಡುತ್ತಾರೆ. ಬಂದೂಕು ರಿಪೇರಿಯವರ ಬಳಿ ಒಯ್ದೆ. ಅವರು ನೋಡಿ, ತಿರುಗಿಸಿ, ‘ಇದರಲ್ಲಿ ಏನೂ ಆಗಿಲ್ಲ’ ಎಂದು ಹಿಂದಿರುಗಿಸಿದರು. ಆಮೇಲೆ ತೋಟಾ ಬದಲಿಸಿದೆ, ಎಣ್ಣೆ ಬದಲಿಸಿದೆ, ಹಿಡಿತವನ್ನೂ ಬದಲಿಸಿದೆ. ಮೂರನ್ನೂ ಒಂದೇ ದಿನ ಬದಲಿಸಿದ್ದರಿಂದ ಯಾವುದರಿಂದ ಏನಾಯಿತು ಎಂಬುದೇ ತಿಳಿಯಲಿಲ್ಲ. ಹೀಗೆ ಮೂರು ವಾರ ಹೋಯಿತು. ಅರ್ಧ ಗಂಟೆಯ ಕೆಲಸ ಅದು, ಕ್ರಮ ತಪ್ಪದೇ ಇದ್ದಿದ್ದರೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೈ ಹಾಕುವ ಮುನ್ನ

ಪರೀಕ್ಷೆಗೆ ಕೂರುವಾಗ ಜೀವಂತ ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಪಿಸ್ತೂಲಿನ ಮೂತಿ ಸುರಕ್ಷಿತ ದಿಕ್ಕಿಗಿರಲಿ, ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆದು ಚೇಂಬರ್, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ, ಖಾಲಿ ಮಾಡಬೇಕು. ಈ ಎರಡು ಕೆಲಸಗಳ ಸರದಿ ಅದಲುಬದಲಾದರೆ ಚೇಂಬರ್‌ನಲ್ಲಿದ್ದ ತೋಟಾ ಹೊರಬಿದ್ದು, ಮ್ಯಾಗಜಿನ್‌ನಿಂದ ಇನ್ನೊಂದು ಒಳಗೆ ಹೋಗಿ ಕೂರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದು ‘ಖಾಲಿಯಾಯಿತು’ ಎಂದುಕೊಳ್ಳುತ್ತೇವೆ. ಸ್ಲೈಡ್ ಹಿಂದಕ್ಕೆ ನಿಲ್ಲಿಸಿ ಚೇಂಬರ್ ಒಳಗೆ ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿ. ಮನೆಯಲ್ಲಿ ಮಾಡುವ ಪರೀಕ್ಷೆಗೆ ಮದ್ದಿಲ್ಲದ ಡಮ್ಮಿ ತೋಟಾ, ಜೀವಂತ ತೋಟಾದ ಪರೀಕ್ಷೆಗೆ ಶೂಟಿಂಗ್ ರೇಂಜ್. ಇದರಲ್ಲಿ ರಿಯಾಯಿತಿ ಇಲ್ಲ.

ಚಿಕ್ಕದಾದಷ್ಟೂ ಸಿಡುಕು ಯಾಕೆ

ದೋಷ ಹುಡುಕಲು ಯಂತ್ರದ ಒಂದು ಸುತ್ತು ಹೇಗೆ ನಡೆಯುತ್ತದೆ ಎಂದು ತಿಳಿದಿರಬೇಕು. ಗುಂಡು ಮುಂದಕ್ಕೆ ಹಾರಿದಾಗ ಸ್ಲೈಡ್ ಮತ್ತು ನಳಿಗೆ ಒಂದಕ್ಕೊಂದು ಕಚ್ಚಿಕೊಂಡೇ ಕೆಲವು ಮಿಲಿಮೀಟರ್ ಹಿಂದೆ ಸರಿಯುತ್ತವೆ. ಆಮೇಲೆ ನಳಿಗೆಯ ಹಿಂಭಾಗ ಕೆಳಗೆ ವಾಲಿ ಕೊಂಡಿ ಬಿಡಿಸಿಕೊಳ್ಳುತ್ತದೆ, ಸ್ಲೈಡ್ ಒಂಟಿಯಾಗಿ ಹಿಂದಕ್ಕೆ ಓಡುತ್ತದೆ. ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ ಈ ಉಪಾಯವೇ ಇಂದಿನ ಬಹುಪಾಲು 9 ಮಿ.ಮೀ. ಪಿಸ್ತೂಲುಗಳ ಒಳಗಿದೆ. ಓಡುವ ಸ್ಲೈಡ್‌ನಲ್ಲಿರುವ ಎಕ್ಸ್‌ಟ್ರ್ಯಾಕ್ಟರ್‌ನ ಕೊಕ್ಕೆ ಖಾಲಿ ಕವಚದ ಅಂಚನ್ನು ಹಿಡಿದೆಳೆಯುತ್ತದೆ, ಎಜೆಕ್ಟರ್ ಅದಕ್ಕೆ ಇನ್ನೊಂದು ಬದಿಯಿಂದ ಗುದ್ದು ಕೊಟ್ಟು ಹೊರಗೆಸೆಯುತ್ತದೆ. ರಿಕಾಯಿಲ್ ಸ್ಪ್ರಿಂಗ್ ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವಾಗ ಮ್ಯಾಗಜಿನ್‌ನ ಮೇಲಿನ ತೋಟಾ ಕಳಚಿ, ಫೀಡ್ ರ‍್ಯಾಂಪ್ ಎಂಬ ಇಳಿಜಾರನ್ನೇರಿ ಚೇಂಬರ್ ಸೇರುತ್ತದೆ. ಇದೆಲ್ಲ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಮುಗಿಯುತ್ತದೆ.

ನಳಿಗೆ ಗಿಡ್ಡವಾದರೆ ಸ್ಲೈಡೂ ಗಿಡ್ಡ, ಹಗುರ. ಹಗುರವಾದದ್ದು ಜೋರಾಗಿ ಓಡುತ್ತದೆ. ಅದನ್ನು ತಡೆಯಲು ಸ್ಪ್ರಿಂಗ್ ಬಿಗಿ ಮಾಡಬೇಕು. ಹಿಂದೆ ಓಡಲು ಜಾಗವೂ ಕಡಿಮೆ. ಹಾಗಾಗಿ ಮುಂದಿನ ತೋಟಾವನ್ನು ಮೇಲೆತ್ತಿ ಸಿದ್ಧವಾಗಿಡಲು ಮ್ಯಾಗಜಿನ್‌ಗೆ ಸಿಗುವ ಸಮಯವೂ ಕಡಿಮೆಯೇ. ಐದು ಇಂಚಿನ ನಳಿಗೆಯ ಕೋಲ್ಟ್ ಸಂಸ್ಥೆಯ ‘1911’ ಪಿಸ್ತೂಲಿನ ವಿನ್ಯಾಸವನ್ನು 1985ರಲ್ಲಿ ಅದೇ ಸಂಸ್ಥೆ ಮೂರೂವರೆ ಇಂಚಿಗೆ ಇಳಿಸಿ ಆಫೀಸರ್ಸ್ ಮಾದರಿ ತಂದಿತು. ದೊಡ್ಡದು ಸಹಿಸಿಕೊಳ್ಳುವ ಸೋಮಾರಿ ಸ್ಪ್ರಿಂಗನ್ನು ಇಂಥ ಗಿಡ್ಡ ತಮ್ಮ ಸಹಿಸುವುದಿಲ್ಲ. 1931ರ ವಾಲ್ಥರ್ ಪಿಪಿಕೆ ಪಿಸ್ತೂಲಿನ ಕಥೆ ಬೇರೆ. ಅದರಲ್ಲಿ ನಳಿಗೆ ಅಲುಗುವುದೇ ಇಲ್ಲ, ಸ್ಲೈಡ್‌ನ ಭಾರ ಮತ್ತು ಸ್ಪ್ರಿಂಗ್ ಎರಡೇ ಎಲ್ಲವನ್ನೂ ತಡೆಯುತ್ತವೆ. ಅಂಥದ್ದು ನಿಮ್ಮಲ್ಲಿದ್ದರೆ ನಳಿಗೆ ವಾಲುವ ವಿಷಯ ಬಿಟ್ಟು ಉಳಿದದ್ದನ್ನು ಓದಿಕೊಳ್ಳಿ.

ಉಕ್ಕಿನದಾದ ಮೇಲೆ ತೊಂದರೆ ಕೊಡಬಾರದು ಎಂದು ನಂಬುವವರಿದ್ದಾರೆ, ನಾನೂ ಒಬ್ಬನಾಗಿದ್ದೆ. ಹೆಚ್ಚಿನ ಭಾರ ಇರುವುದು ಚೌಕಟ್ಟಿನಲ್ಲಿ. ಅದು ಕೈಗೆ ನೆರವಾಗುತ್ತದೆ. ಸ್ಲೈಡ್, ಸ್ಪ್ರಿಂಗ್, ಮ್ಯಾಗಜಿನ್ ಇವಕ್ಕೆ ಚೌಕಟ್ಟು ಯಾವ ಲೋಹದ್ದು ಎಂಬುದು ಗೊತ್ತೂ ಇಲ್ಲ.

ಮೊದಲು ಪುಸ್ತಕ, ಆಮೇಲೆ ಸ್ಕ್ರೂಡ್ರೈವರ್

ಪ್ರತಿ ಮ್ಯಾಗಜಿನ್‌ನ ತಳಕ್ಕೆ ಬಣ್ಣದಲ್ಲಿ ಸಂಖ್ಯೆ ಬರೆಯಿರಿ. ನನ್ನ ಮೂರು ವಾರಗಳು ಹಾಳಾದದ್ದು ಈ ಒಂದು ಕೆಲಸ ಮಾಡದೇ ಇದ್ದುದರಿಂದ. ಒಂದು ಚಿಕ್ಕ ಪುಸ್ತಕದಲ್ಲಿ ಪ್ರತಿ ಅಡಚಣೆಗೂ ಒಂದು ಸಾಲು: ಯಾವ ಮ್ಯಾಗಜಿನ್, ಅದರಲ್ಲಿ ಎಷ್ಟನೇ ತೋಟಾ, ಯಾವ ತೂಕದ ಗುಂಡು, ಯಾರ ಕೈ, ಸ್ವಚ್ಛಮಾಡಿ ಎಷ್ಟು ಸುತ್ತಾಯಿತು. ಅಡಚಣೆಯಾದಾಗ ಸ್ಲೈಡನ್ನು ಗಡಿಬಿಡಿಯಲ್ಲಿ ಎಳೆದುಬಿಡಬೇಡಿ. ಅಭ್ಯಾಸದ ದಿನ ಬೇರೆ, ಪರೀಕ್ಷೆಯ ದಿನ ಬೇರೆ. ಪರೀಕ್ಷೆಯ ದಿನ ಮೂತಿಯನ್ನು ಗುರಿಯತ್ತಲೇ ಇಟ್ಟು, ಬೆರಳು ಹೊರಗೆ ತೆಗೆದು, ಸ್ಲೈಡ್ ಎಲ್ಲಿ ನಿಂತಿದೆ, ತೋಟಾದ ಮೂಗು ಎತ್ತ ನೋಡುತ್ತಿದೆ, ಖಾಲಿ ಕವಚ ಎಲ್ಲಿದೆ ಎಂದು ಹತ್ತು ಸೆಕೆಂಡು ನೋಡಿ. ದೋಷದ ಅರ್ಧ ಉತ್ತರ ಅಲ್ಲೇ ಕಣ್ಣೆದುರು ಇರುತ್ತದೆ. ಸ್ಲೈಡ್ ಎಳೆದ ಕ್ಷಣ ಅದು ಅಳಿಸಿಹೋಗುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸರದಿ ಇದು: ಮ್ಯಾಗಜಿನ್, ತೋಟಾ, ಕೈ, ಎಣ್ಣೆ ಮತ್ತು ಕೊಳೆ, ಸ್ಪ್ರಿಂಗ್, ಎಲ್ಲಕ್ಕೂ ಕೊನೆಯಲ್ಲಿ ಎಕ್ಸ್‌ಟ್ರ್ಯಾಕ್ಟರ್. ಅಗ್ಗದ್ದು ಮೊದಲು, ಬಿಚ್ಚಲು ಕಷ್ಟವಾದದ್ದು ಕೊನೆಗೆ.

ತೋಟಾ ಮೂಗು ತಗ್ಗಿಸಿ ನಿಂತರೆ

ತೋಟಾದ ಮೂಗು ಫೀಡ್ ರ‍್ಯಾಂಪ್‌ಗೆ, ಇಲ್ಲವೇ ಮ್ಯಾಗಜಿನ್‌ನ ಮುಂಗೋಡೆಗೆ ಒತ್ತಿಕೊಂಡು ನಿಂತಿದ್ದರೆ ಹತ್ತರಲ್ಲಿ ಎಂಟು ಸಲ ಮ್ಯಾಗಜಿನ್ ಹತ್ತಿರವೇ ಹೋಗುತ್ತೇನೆ. ಇದು ಲೆಕ್ಕ ಹಾಕಿ ಹೇಳಿದ ಮಾತಲ್ಲ, ಪೆಟ್ಟು ತಿಂದವನ ಒಲವು.

ನನ್ನ ಪುಸ್ತಕದಲ್ಲಿ ಹನ್ನೊಂದು ಸಾಲು ತುಂಬಿದಾಗ ಎರಡು ಸಂಗತಿ ಎದ್ದು ಕಂಡವು. ಹನ್ನೊಂದೂ ಎರಡನೇ ನಂಬರಿನ ಮ್ಯಾಗಜಿನ್‌ನವು. ಅವುಗಳಲ್ಲಿ ಒಂಬತ್ತು ಸಲ ತೊಡರಿದ್ದು ಕೊನೆಯ ಎರಡು ತೋಟಾಗಳಲ್ಲಿ ಒಂದು. ಮೇಜಿನ ಮೇಲೆ ಮೂರೂ ಖಾಲಿ ಮ್ಯಾಗಜಿನ್‌ಗಳನ್ನು ಸಾಲಾಗಿ ನಿಲ್ಲಿಸಿದೆ. ತೋಟಾಗಳನ್ನು ಮೇಲೆತ್ತುವ ಪ್ಲಾಸ್ಟಿಕ್ ತುಂಡು, ಫಾಲೋಯರ್, ಒಂದನೆಯದರಲ್ಲೂ ಮೂರನೆಯದರಲ್ಲೂ ಮುಂದಲೆ ಎತ್ತಿ ನಿಂತಿತ್ತು. ಎರಡನೆಯದರಲ್ಲಿ ಮುಂದಲೆ ಬಾಗಿತ್ತು. ಬೆರಳಿನಿಂದ ಒತ್ತಿ ಬಿಟ್ಟೆ. ಉಳಿದೆರಡು ಟಕ್ಕನೆ ನೆಟ್ಟಗೆ ಮೇಲೆ ಬಂದವು. ಇದು ಮೂಗು ತಗ್ಗಿಸಿಕೊಂಡೇ, ಗೋಡೆಗೆ ಉಜ್ಜುತ್ತಾ ಬಂತು. ತಳ ಬಿಚ್ಚಿ ಸ್ಪ್ರಿಂಗ್ ಹೊರತೆಗೆದಾಗ ಗುಟ್ಟು ರಟ್ಟಾಯಿತು. ಸ್ಪ್ರಿಂಗ್‌ನ ಮೇಲಿನ ಸುರುಳಿ ಸಮತಟ್ಟಾಗಿರುವುದಿಲ್ಲ, ಓರೆಯಾಗಿರುತ್ತದೆ. ಅದರ ಎತ್ತರದ ಬದಿ ಮುಂದೆ, ಅಂದರೆ ಗುಂಡಿನ ಮೂಗಿನ ಕಡೆಗೆ ಬಂದು ಫಾಲೋಯರ್‌ನ ಮುಂದಲೆಯನ್ನು ಎತ್ತಿ ಹಿಡಿಯಬೇಕು. ಇದರಲ್ಲಿ ಹಿಂದುಮುಂದಾಗಿತ್ತು. ಹಾಗೆ ಕೂರಿಸಿದವನು ನಾನೇ. ನಾನೂರೈವತ್ತನೇ ಸುತ್ತಿನ ನಂತರ, ಭಾರೀ ಶ್ರದ್ಧೆಯಿಂದ ಎಲ್ಲವನ್ನೂ ಸ್ವಚ್ಛ ಮಾಡಿದ ರಾತ್ರಿ.

ಮ್ಯಾಗಜಿನ್ ತುಂಬಿರುವಾಗ ಕೆಳಗಿನ ತೋಟಾಗಳ ಸಾಲೇ ಮೇಲಿನದನ್ನು ನೆಟ್ಟಗೆ ಹಿಡಿದಿರುತ್ತದೆ, ಸ್ಪ್ರಿಂಗ್ ಕೂಡ ಬಿಗಿಯಾಗಿ ಒತ್ತಲ್ಪಟ್ಟಿರುತ್ತದೆ. ಕೊನೆಯ ಒಂದೆರಡರ ಹೊತ್ತಿಗೆ ಆ ಆಸರೆಯೂ ಇಲ್ಲ, ಸ್ಪ್ರಿಂಗ್‌ನ ಬಲವೂ ಇಳಿದಿದೆ. ತಪ್ಪು ಬಯಲಾಗುವುದು ಅಲ್ಲೇ. ಇದೇ ಕಾರಣಕ್ಕೆ, ದೋಷ ಮ್ಯಾಗಜಿನ್‌ನ ಮೊದಲ ತೋಟಾದಲ್ಲೇ ಬಂದರೆ ಯೋಚನೆ ಬೇರೆ ಕಡೆ ಹರಿಯಬೇಕು: ಅತಿಯಾಗಿ ತುಂಬಿದ ಮ್ಯಾಗಜಿನ್‌ನಲ್ಲಿ ಮೇಲಿನ ತೋಟಾ ಬಿಗಿಯಾಗಿ ಕಚ್ಚಿಕೊಂಡಿರಬಹುದು, ಇಲ್ಲವೇ ನೀವು ಸ್ಲೈಡನ್ನು ಕೈಯಲ್ಲಿ ಹಿಡಿದುಕೊಂಡೇ ಮೆಲ್ಲಗೆ ಮುಂದೆ ಬಿಟ್ಟಿರಬಹುದು. ಸ್ಲೈಡನ್ನು ಪೂರ್ತಿ ಹಿಂದೆಳೆದು ಕೈ ಬಿಟ್ಟುಬಿಡಬೇಕು, ಜೊತೆಗೆ ಕರೆದುಕೊಂಡು ಹೋಗಬಾರದು. ಚೆಕ್ ದೇಶದ ಸಿಝೆಡ್ 75ರ ಮಾದರಿಯಲ್ಲಿ ಸ್ಲೈಡ್ ಚೌಕಟ್ಟಿನ ಒಳಬದಿಯ ಹಳಿಗಳಲ್ಲಿ ಓಡುವ ಪಿಸ್ತೂಲುಗಳಲ್ಲಿ ಬೆರಳಿಗೆ ಸಿಗುವ ಸ್ಲೈಡ್‌ನ ಎತ್ತರವೇ ಕಡಿಮೆ. ಬೆವರಿದ ಕೈ ಜಾರಿ ಅರ್ಧಂಬರ್ಧ ಎಳೆಯುವುದು ಅಲ್ಲಿ ಮಾಮೂಲು.

ಸ್ಪ್ರಿಂಗ್ ಸರಿಯಿದ್ದೂ ಮೂಗು ತಗ್ಗುತ್ತಿದ್ದರೆ ಮ್ಯಾಗಜಿನ್‌ನ ಬಾಯಿಯ ಎರಡು ತುಟಿಗಳನ್ನು ಉಳಿದವುಗಳೊಂದಿಗೆ ಹೋಲಿಸಿ. ನೆಲಕ್ಕೆ ಬಿದ್ದು ಒಂದು ತುಟಿ ಕೂದಲೆಳೆಯಷ್ಟು ಅಗಲವಾಗಿದ್ದರೂ ಸಾಕು. ಇಕ್ಕಳದಿಂದ ಬಗ್ಗಿಸಿ ಸರಿಮಾಡುವ ಆಸೆ ಬರುತ್ತದೆ. ಬೇಡ, ಅದನ್ನು ಅಭ್ಯಾಸಕ್ಕೂ ಬಳಸದೆ ತೆಗೆದಿಡಿ. ಫೀಡ್ ರ‍್ಯಾಂಪ್‌ಗೆ ಪಾಲಿಶ್ ಯಂತ್ರ ಹಿಡಿಯುವವರನ್ನು ಕಂಡರೆ ನನಗೆ ಭಯ. ಅಲ್ಲಿನ ಕೋನ ಒಮ್ಮೆ ಕೆಟ್ಟರೆ ಮರಳಿ ಬರುವುದಿಲ್ಲ, ಚೇಂಬರ್‌ನ ತುದಿ ಸವೆದರೆ ಕವಚಕ್ಕೆ ಆಸರೆಯೇ ಹೋಗುತ್ತದೆ.

ಖಾಲಿ ಕವಚ ಕಿಂಡಿಯಲ್ಲಿ ನಿಂತರೆ

ಹೊರಬೀಳಬೇಕಾದ ಕವಚ ಸ್ಲೈಡ್‌ನ ಕಿಂಡಿಯಲ್ಲಿ ಚಿಮಣಿಯಂತೆ ನೆಟ್ಟಗೆ ಸಿಕ್ಕಿಕೊಂಡರೆ, ಸ್ಲೈಡ್ ಹಿಂದೆ ಓಡುವಾಗ ಬಲ ಸಾಲಲಿಲ್ಲ ಎಂದು ಸಾಮಾನ್ಯವಾಗಿ ಅರ್ಥ. ಬಲ ಎಲ್ಲಿ ಸೋರಿತು? ಹೆಚ್ಚಾಗಿ ಮಣಿಕಟ್ಟಿನಲ್ಲಿ. ಸ್ಲೈಡ್ ಹಿಂದೆ ಓಡಬೇಕಾದರೆ ಚೌಕಟ್ಟು ನಿಂತಲ್ಲಿ ನಿಲ್ಲಬೇಕು. ಮಣಿಕಟ್ಟು ಸಡಿಲವಾಗಿ ಚೌಕಟ್ಟೂ ಜೊತೆಗೆ ಹಿಂದೆ ಬಂದರೆ ಓಟ ಪೂರ್ತಿಯಾಗುವುದಿಲ್ಲ. ಉಕ್ಕಿನ ಚೌಕಟ್ಟು ತನ್ನ ಭಾರದಿಂದ ಈ ತಪ್ಪನ್ನು ಸಾಕಷ್ಟು ಮುಚ್ಚಿಡುತ್ತದೆ, ಹಾಗಾಗಿ ಉಕ್ಕಿನ ಪಿಸ್ತೂಲಿನಲ್ಲಿ ಇದು ಮತ್ತೆಮತ್ತೆ ಬಂದರೆ ಕೈಯ ಜೊತೆಗೆ ಬೇರೇನೋ ಸೇರಿಕೊಂಡಿದೆ ಎಂದು ನಾನು ಲೆಕ್ಕ ಹಾಕುತ್ತೇನೆ. ಅನುಭವಸ್ಥರೊಬ್ಬರ ಕೈಗೆ ಕೊಟ್ಟು ಅದೇ ಮ್ಯಾಗಜಿನ್, ಅದೇ ತೋಟಾದಲ್ಲಿ ಮೂವತ್ತು ಸುತ್ತು ಹಾರಿಸಲು ಹೇಳಿ. ಅವರಿಗೆ ಬಾರದಿದ್ದರೆ ಉತ್ತರ ಸಿಕ್ಕಿತು. ಮುಖಭಂಗವಾಗುತ್ತದೆ, ಆದರೆ ಖರ್ಚಿಲ್ಲ.

ಅವರಿಗೂ ಬಂದರೆ ತೋಟಾ ಬದಲಿಸಿ. 9 ಮಿ.ಮೀ.ನಲ್ಲಿ ಸಾಮಾನ್ಯವಾಗಿ ಸಿಗುವ ಗುಂಡುಗಳು 115, 124 ಮತ್ತು 147 ಗ್ರೇನ್ ತೂಕದವು, ಅಂದರೆ ಸುಮಾರು ಏಳೂವರೆ, ಎಂಟು ಮತ್ತು ಒಂಬತ್ತೂವರೆ ಗ್ರಾಂ. ಬಿಗಿ ಸ್ಪ್ರಿಂಗ್‌ನ ಗಿಡ್ಡ ಪಿಸ್ತೂಲು ಅಗ್ಗದ, ಮೆತ್ತಗಿನ 115 ಗ್ರೇನ್ ಅಭ್ಯಾಸದ ತೋಟಾದಲ್ಲಿ ಕುಂಟಿ, 124ರಲ್ಲಿ ಲೀಲಾಜಾಲವಾಗಿ ಓಡುವುದುಂಟು. ಹೊಸ ಪಿಸ್ತೂಲಾದರೆ ಇನ್ನಷ್ಟು ತಾಳ್ಮೆ ಬೇಕು. ಮೊದಲ ಕೆಲವು ನೂರು ಸುತ್ತು ಹೊಂದಿಕೊಳ್ಳುವ ಅವಧಿ ಎಂದು ತಯಾರಕರೇ ಕೈಪಿಡಿಯಲ್ಲಿ ಬರೆದಿರುವುದುಂಟು.

ಕವಚಗಳು ಎಲ್ಲಿ ಬೀಳುತ್ತವೆ ಎಂಬುದನ್ನೂ ನೋಡಿ. ಆರೋಗ್ಯವಾಗಿರುವ ಪಿಸ್ತೂಲು ಅವನ್ನು ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ದೂರಕ್ಕೆ ಎಸೆಯುತ್ತದೆ. ಒಂದು ಕಾಲ ಬುಡಕ್ಕೆ, ಇನ್ನೊಂದು ಹಣೆಗೆ, ಮತ್ತೊಂದು ಪಕ್ಕದವರ ಮೇಜಿಗೆ ಹೋಗುತ್ತಿದ್ದರೆ ಆಗ ಎಕ್ಸ್‌ಟ್ರ್ಯಾಕ್ಟರ್ ಕಡೆ ತಿರುಗಲು ಕಾರಣವಿದೆ. ಎಲ್ಲವೂ ಮೊದಲಿಗಿಂತ ಬಹುದೂರ ಹಾರಿಹೋಗುತ್ತಿದ್ದರೆ ರಿಕಾಯಿಲ್ ಸ್ಪ್ರಿಂಗ್ ಸೋತಿದೆ, ಪ್ರತಿ ಗುಂಡಿಗೂ ಸ್ಲೈಡ್ ಚೌಕಟ್ಟನ್ನು ಸುತ್ತಿಗೆಯಂತೆ ಬಡಿಯುತ್ತಿದೆ. ಗಿಡ್ಡ ಪಿಸ್ತೂಲಿನ ರಿಕಾಯಿಲ್ ಸ್ಪ್ರಿಂಗ್ ದೊಡ್ಡದರದ್ದಕ್ಕಿಂತ ಬೇಗ ಸೋಲುತ್ತದೆ. ಎಷ್ಟು ಸುತ್ತಿಗೆ ಬದಲಿಸಬೇಕು ಎಂದು ಕೈಪಿಡಿಯಲ್ಲಿರುವ ಸಂಖ್ಯೆಯನ್ನು ಗೌರವಿಸಿ. ಉಕ್ಕು ತಡೆದುಕೊಳ್ಳುತ್ತದೆ ಬಿಡಿ ಎಂಬ ಉದಾಸೀನ ಬೇಡ.

ಕವಚ ಚೇಂಬರ್‌ನಲ್ಲೇ ಉಳಿದರೆ

ಖಾಲಿ ಕವಚ ಒಳಗೇ ಉಳಿದು, ಅದರ ಬೆನ್ನಿಗೆ ಹೊಸ ತೋಟಾ ಬಂದು ಗುದ್ದಿ ನಿಲ್ಲುವುದು ಎಲ್ಲಕ್ಕಿಂತ ಕಿರಿಕಿರಿಯ ಅಡಚಣೆ. ಬಿಡಿಸುವ ಬಗೆ: ಸ್ಲೈಡನ್ನು ಹಿಂದೆ ನಿಲ್ಲಿಸಿ, ಮ್ಯಾಗಜಿನ್ ಎಳೆದು ತೆಗೆದು, ಸ್ಲೈಡನ್ನು ಎರಡು ಮೂರು ಸಲ ಪೂರ್ತಿ ಎಳೆದು ಬಿಡಿ. ಆಮೇಲೆ ಆ ಕವಚವನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಕೊಕ್ಕೆ ಕಿತ್ತ ಗಾಯ ಇದ್ದರೆ ಕೊಕ್ಕೆ ತನ್ನ ಕೆಲಸ ಮಾಡಿದೆ, ಚೇಂಬರ್ ಬಿಡಲಿಲ್ಲ. ಚೇಂಬರ್ ಕೊಳೆಯಾಗಿದೆ ಅಥವಾ ಒರಟಾಗಿದೆ. ಅಂಚು ನುಣುಪಾಗಿದ್ದರೆ ಕೊಕ್ಕೆ ಹಿಡಿಯಲೇ ಇಲ್ಲ. ಕೊಕ್ಕೆಯ ಒಳಮೂಲೆಯಲ್ಲಿ ಹಿತ್ತಾಳೆಯ ಪುಡಿ, ಮದ್ದಿನ ಮಸಿ ಮತ್ತು ಎಣ್ಣೆ ಸೇರಿ ಗಟ್ಟಿಯಾಗಿರುತ್ತದೆ. ಬ್ರಷ್ ತಲುಪದ ಆ ಮೂಲೆಗೆ ಮರದ ಹಲ್ಲುಕಡ್ಡಿಯೇ ಸರಿಯಾದ ಉಪಕರಣ. ಸ್ವಚ್ಛವಾದ ಮೇಲೂ ಹಿಡಿಯದಿದ್ದರೆ ಕೊಕ್ಕೆ ಸವೆದಿದೆ ಅಥವಾ ಅದರ ಸ್ಪ್ರಿಂಗ್ ಬಲ ಕಳೆದುಕೊಂಡಿದೆ. ಆಗ ರಿಪೇರಿಯವರ ಬಳಿ ಹೋಗಿ, ಪುಸ್ತಕವನ್ನೂ ಆ ಕವಚಗಳನ್ನೂ ಕೊಂಡೊಯ್ಯಿರಿ. ನಾನು ಮೊದಲ ಸಲ ಬರಿಗೈಯಲ್ಲಿ ಹೋಗಿದ್ದೆ.

ಸ್ಲೈಡ್ ಕೂದಲೆಳೆಯಷ್ಟು ಹಿಂದೆ ನಿಂತರೆ

ಸ್ಲೈಡ್ ಪೂರ್ತಿ ಮುಂದೆ ಬಂದು ಮುಚ್ಚಿಕೊಳ್ಳದೆ ಎರಡು ಮೂರು ಮಿಲಿಮೀಟರ್ ಹಿಂದೆಯೇ ನಿಂತರೆ ಅಂಗೈಯಿಂದ ಗುದ್ದಿ ಮುಚ್ಚಬೇಡಿ. ಆ ತೋಟಾ ಹೊರತೆಗೆಯಿರಿ. ನಂತರ ಪಿಸ್ತೂಲು ಖಾಲಿ ಮಾಡಿ, ನಳಿಗೆ ಬಿಚ್ಚಿ, ರೇಂಜ್‌ನ ಮೇಜಿನ ಮೇಲೇ ಅದೇ ಪೆಟ್ಟಿಗೆಯ ತೋಟಾವೊಂದನ್ನು ಬಿಚ್ಚಿದ ನಳಿಗೆಯ ಚೇಂಬರ್‌ಗೆ ಇಳಿಬಿಡಿ. ಟಕ್ ಎಂದು ಕೂತು, ನಳಿಗೆ ತಲೆಕೆಳಗು ಮಾಡಿದಾಗ ತಾನಾಗಿ ಬಿದ್ದರೆ ತೋಟಾ ಸರಿ. ಅಂಟಿಕೊಂಡರೆ ಆ ಪೆಟ್ಟಿಗೆಯೇ ತಕ್ಕದ್ದಲ್ಲ. ತೋಟಾ ಸರಿಯಿದ್ದರೆ ಹಳಿಗಳು ಒಣಗಿವೆಯೇ ನೋಡಿ. ಉಕ್ಕು ಉಕ್ಕನ್ನು ಉಜ್ಜುವಲ್ಲಿ ಬಣ್ಣ ಹೋಗಿ ಹೊಳಪು ಬಂದಿರುತ್ತದೆ. ಹೊಳೆಯುವ ಜಾಗಕ್ಕೆಲ್ಲ ತೆಳುವಾಗಿ ಎಣ್ಣೆ. ಸ್ಟೇನ್‌ಲೆಸ್ ಉಕ್ಕಿನ ಹಳಿಗಳ ಮೇಲೆ ಸ್ಟೇನ್‌ಲೆಸ್ ಸ್ಲೈಡ್ ಓಡುವುದಾದರೆ ಒಣಗಲು ಬಿಡಲೇಬಾರದು, ಒಂದೇ ಜಾತಿಯ ಲೋಹಗಳು ಒಂದನ್ನೊಂದು ಕಿತ್ತು ಕಚ್ಚಿಕೊಳ್ಳುತ್ತವೆ. ಅಲ್ಲಿ ಗ್ರೀಸ್ ಒಳ್ಳೆಯದು.

ಕ್ಲಿಕ್ ಎಂದು ಸುಮ್ಮನಾದರೆ

ಟ್ರಿಗರ್ ಎಳೆದು ಗುಂಡು ಹಾರದಿದ್ದರೆ ಮೂತಿಯನ್ನು ಗುರಿಯತ್ತಲೇ ಇಟ್ಟು ಮೂವತ್ತು ಸೆಕೆಂಡು ಕಾಯಿರಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ನಂತರ ಹೊರತೆಗೆದು ತೋಟಾದ ತಳದಲ್ಲಿ ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್ ಮೇಲಿನ ಗುಳಿಯನ್ನು, ಹಾರಿದ ಕವಚದ ಗುಳಿಯ ಪಕ್ಕದಲ್ಲಿಟ್ಟು ನೋಡಿ. ಗುಳಿ ಆಳವಾಗಿದ್ದರೆ ತಪ್ಪು ತೋಟಾದ್ದು. ತೆಳುವಾಗಿದ್ದರೆ ಪ್ರೈಮರ್‌ಗೆ ಬಡಿಯುವ ಫೈರಿಂಗ್ ಪಿನ್ ಓಡುವ ಕೊಳವೆಯಲ್ಲಿ ಎಣ್ಣೆ ಅಂಟಾಗಿದೆಯೇ ನೋಡಿ. ಆ ಕೊಳವೆ ಒಣಗಿಯೇ ಇರಬೇಕು.

ಇದಕ್ಕಿಂತ ಭಯಪಡಬೇಕಾದದ್ದು ಇನ್ನೊಂದಿದೆ: ‘ಢಂ’ ಎನ್ನುವ ಬದಲು ‘ಠುಸ್’ ಎಂದು, ಕೈಗೆ ಒದೆತವೇ ಬಾರದೆ ಹೋಗುವುದು. ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು. ಅಲ್ಲೇ ನಿಲ್ಲಿಸಿ, ಖಾಲಿ ಮಾಡಿ, ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ಆಚೆ ಬದಿ ಕಾಣುತ್ತದೆಯೇ ನೋಡದೆ ಮುಂದಿನ ಗುಂಡು ಹಾರಿಸಬೇಡಿ.

ಸೊಂಟದಲ್ಲಿಟ್ಟು ತಿರುಗುವವರಿಗೆ

ಕಪಾಟಿನಲ್ಲಿರುವ ಪಿಸ್ತೂಲಿಗೆ ಬಾರದ ಕಾಯಿಲೆಗಳು ಇದಕ್ಕೆ ಬರುತ್ತವೆ. ಬಟ್ಟೆಯ ನೂಲು ಹ್ಯಾಮರ್‌ನ ಸಂದಿಯಲ್ಲೂ ಮ್ಯಾಗಜಿನ್‌ನೊಳಗೂ ಹತ್ತಿಯಂತೆ ಗೂಡು ಕಟ್ಟುತ್ತದೆ. ಬೆವರು ಹಿಡಿಯ ಪಟ್ಟಿಗಳ ಕೆಳಗೆ ಇಳಿದು ಕಣ್ಣಿಗೆ ಬೀಳದ ಜಾಗದಲ್ಲಿ ತುಕ್ಕು ಹಿಡಿಸುತ್ತದೆ. ತಿಂಗಳಿಗೊಮ್ಮೆ ಆ ಪಟ್ಟಿಗಳನ್ನು ಬಿಚ್ಚಿ ಒರೆಸಿ. ಸ್ಟೇನ್‌ಲೆಸ್‌ಗೂ ತುಕ್ಕು ಬರುತ್ತದೆ, ನಿಧಾನವಾಗಿ ಬರುತ್ತದೆ ಅಷ್ಟೇ. ಹಚ್ಚಿದ ಎಣ್ಣೆ ಉಡುಪಿಗೆ ಅಂಟಿ ಹೋಗುತ್ತದೆ, ಹಾಗಾಗಿ ಒಂದೂ ಗುಂಡು ಹಾರಿಸದೆಯೇ ಹಳಿಗಳು ಒಣಗಿರುತ್ತವೆ.

ದಿನಾ ಖಾಲಿ ಮಾಡಿ ಮರುದಿನ ಅದೇ ತೋಟಾವನ್ನು ಮತ್ತೆ ಚೇಂಬರ್‌ಗೆ ಕಳಿಸುವ ಅಭ್ಯಾಸ ನನಗಿತ್ತು. ಪ್ರತಿ ಸಲ ಅದರ ಮೂಗು ಇಳಿಜಾರಿಗೆ ಗುದ್ದುತ್ತದೆ, ಗುಂಡು ಕವಚದೊಳಕ್ಕೆ ಎಳ್ಳಷ್ಟೆಳ್ಳಷ್ಟೇ ಕುಸಿಯುತ್ತದೆ. 9 ಮಿ.ಮೀ. ತೋಟಾದ ಗರಿಷ್ಠ ಉದ್ದ 29.69 ಮಿ.ಮೀ.; ನಿಮ್ಮ ಪೆಟ್ಟಿಗೆಯವು ಅದಕ್ಕಿಂತ ತುಸು ಗಿಡ್ಡವಾಗಿಯೇ ಇರಬಹುದು, ಆದ್ದರಿಂದ ಅದೇ ಪೆಟ್ಟಿಗೆಯ ಹೊಸತೊಂದರ ಪಕ್ಕದಲ್ಲಿಟ್ಟು ಹೋಲಿಸಬೇಕು. ನನ್ನದು ಅರ್ಧ ಮಿಲಿಮೀಟರ್‌ಗೂ ಹೆಚ್ಚು ಕುಸಿದಿತ್ತು. ಕವಚದೊಳಗಿನ ಜಾಗ ಕಿರಿದಾದರೆ ಮದ್ದಿನ ಒತ್ತಡ ಏರುತ್ತದೆ, ತೋಟಾ ಸಾಗುವ ಕೋನವೂ ಕೆಡುತ್ತದೆ. ಕುಸಿದದ್ದನ್ನು ಹಾರಿಸದೆ ರೇಂಜ್‌ನವರಿಗೆ ಒಪ್ಪಿಸಿ.

ಕೊನೆಯ ಗುಂಡಿನ ನಂತರ ಸ್ಲೈಡ್ ಹಿಂದೆ ನಿಲ್ಲುತ್ತಿಲ್ಲ ಎಂದು ದೂರುವವರು ಮೊದಲು ತಮ್ಮ ಹೆಬ್ಬೆರಳು ಎಲ್ಲಿದೆ ಎಂದು ನೋಡಿಕೊಳ್ಳಲಿ. ಪುಟ್ಟ ಚೌಕಟ್ಟಿನಲ್ಲಿ ಅದು ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ‘ಸ್ಲೈಡ್ ಸ್ಟಾಪ್’ ಸನ್ನೆಗೋಲಿನ ಮೇಲೆಯೇ ಒರಗಿರುತ್ತದೆ.

ಸರಿಯಾಯಿತು ಎಂದು ಹೇಳುವುದು ಯಾವಾಗ

ಎರಡು ಮ್ಯಾಗಜಿನ್ ಅಡಚಣೆಯಿಲ್ಲದೆ ಖಾಲಿಯಾದವೆಂದು ಸಂಭ್ರಮಿಸಬೇಡಿ. ನಲವತ್ತಕ್ಕೊಮ್ಮೆ ಬರುತ್ತಿದ್ದ ದೋಷ ಹದಿನಾರು ಗುಂಡಿನಲ್ಲಿ ಕಾಣದಿರುವುದು ದೊಡ್ಡ ಮಾತಲ್ಲ. ದೋಷ ಎಷ್ಟಕ್ಕೊಮ್ಮೆ ಬರುತ್ತಿತ್ತೋ ಅದರ ಮೂರು ಪಟ್ಟು ಸುತ್ತು ಸಲೀಸಾಗಿ ಹೋದರೆ, ಅದು ಹೋಗಿದೆ ಎಂದು ಸುಮಾರು ನೂರಕ್ಕೆ ತೊಂಬತ್ತೈದರಷ್ಟು ಧೈರ್ಯದಿಂದ ಹೇಳಬಹುದು. ನಲವತ್ತಕ್ಕೊಂದಾದರೆ ನೂರಿಪ್ಪತ್ತು ಸುತ್ತು. ನನ್ನದು ಇಪ್ಪತ್ತಕ್ಕೊಂದು, ಅರವತ್ತು ಸಾಕಿತ್ತು. ಸ್ಪ್ರಿಂಗ್ ತಿರುಗಿಸಿ ಕೂರಿಸಿದ ಎರಡನೇ ನಂಬರಿನ ಮ್ಯಾಗಜಿನ್ ಒಂದರಲ್ಲೇ ಎಂಟೆಂಟರಂತೆ ತುಂಬಿ ತುಂಬಿ ತೊಂಬತ್ತಾರು ಹಾರಿಸಿದೆ. ಪುಸ್ತಕದಲ್ಲಿ ಹನ್ನೆರಡನೇ ಸಾಲು ಇನ್ನೂ ಖಾಲಿ ಇದೆ.